ಕತ್ತಿ ಮುರಿದಾಗ ಕತೆ ಶುರು

ಪ್ರಶ್ನೆ: ಮೂರನೆಯ ‘ಬಾಲ್ಡರ್ಸ್ ಗೇಟ್’ ಮುಗಿಸಿದ ಹುರುಪಿನಲ್ಲಿ 1998ರ ಮೊದಲನೆಯದಕ್ಕೆ ಕೈಹಾಕಿದೆ. ಕಾಡಿನಲ್ಲಿ ತೋಳ ಕೊಂದಿತು, ಮತ್ತೆ ಶುರು ಮಾಡಿದರೆ ಛತ್ರದ ಮೆಟ್ಟಿಲ ಮೇಲೆ ಒಬ್ಬ ಮಂತ್ರವಾದಿ ಕೊಂದ. ನನಗೆ ಬೇಕಿರುವುದು ಕತೆ. ಡಿಫಿಕಲ್ಟಿ ಇಳಿಸಿ ಆಡಿದರೆ ಮೋಸ ಮಾಡಿದಂತೆಯೆ? ಇಷ್ಟು ಕಷ್ಟವಾಗಿ ಮಾಡಿದ್ದಾದರೂ ಯಾಕೆ? ಇದಾದ ಮೇಲೆ ‘ಪ್ಲೇನ್‌ಸ್ಕೇಪ್: ಟಾರ್ಮೆಂಟ್’ ಆಡಲೋ ‘ಐಸ್‌ವಿಂಡ್ ಡೇಲ್’ ಆಡಲೋ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಮೆಟ್ಟಿಲ ಮೇಲಿನ ಆ ಮಹಾಶಯನ ಹೆಸರು ಟಾರ್ನೆಶ್. ಫ್ರೆಂಡ್ಲಿ ಆರ್ಮ್ ಛತ್ರದ ಬಾಗಿಲಲ್ಲಿ ಅವನ ಕೈಗೆ ಸಿಕ್ಕಿ ಸಾಯದೆ ಈ ಆಟ ಮುಗಿಸಿದವರು ಅಪರೂಪ, ಆದ್ದರಿಂದ ನಾಚಿಕೆ ಬೇಡ. ಡಿಫಿಕಲ್ಟಿ ಇಳಿಸಿ, ಅದರಲ್ಲಿ ಮೋಸವೇನಿಲ್ಲ. ಆದರೆ ಇಳಿಸಿದ್ದನ್ನು ಕೊನೆಯವರೆಗೂ ಹಾಗೇ ಬಿಡಬೇಡಿ. ಈ ಆಟಗಳಲ್ಲಿ ಕತೆಯ ಒಂದು ಪಾಲು ಮಾತುಕತೆಯಲ್ಲಿಲ್ಲ, ಹೊಡೆದಾಟದೊಳಗೇ ಇದೆ.

ಮೊದಲು ಕಷ್ಟದ ಮೂಲ ನೋಡೋಣ. ಬಯೋವೇರ್‌ನವರು ಈ ಆಟ ಕಟ್ಟಿದ್ದು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ನ ಎರಡನೆಯ ಆವೃತ್ತಿಯ ನಿಯಮಗಳ ಮೇಲೆ. ಅದು ನಾಲ್ಕಾರು ಜನ ಮೇಜಿನ ಸುತ್ತ ಕೂತು ದಾಳ ಉರುಳಿಸುತ್ತ ಬಾಯಿಮಾತಿನಲ್ಲೇ ಕತೆ ಬೆಳೆಸುವ ಆಟ. ಆ ನಿಯಮಗಳಲ್ಲಿ ಮೊದಲ ಲೆವೆಲ್ಲಿನ ಮಂತ್ರವಾದಿಗೆ ಜೀವ ಹೆಚ್ಚೆಂದರೆ 4. ಮೈಕಟ್ಟು ಚೆನ್ನಾಗಿದ್ದರೆ 6. ಒಂದು ಉದ್ದನೆಯ ಕತ್ತಿಯ ಏಟು 1ರಿಂದ 8ರವರೆಗೆ ಏನು ಬೇಕಾದರೂ ಆಗಬಹುದು. ಅಂದಮೇಲೆ ಮೊದಲ ಏಟಿಗೇ ಸಾಯುವುದರಲ್ಲಿ ನಿಮ್ಮ ತಪ್ಪೇನೂ ಇಲ್ಲ, ಅದು ದಾಳದ ಲೆಕ್ಕ. ಮೇಜಿನ ಆಟದಲ್ಲಿ ಈ ಲೆಕ್ಕವನ್ನು ಹದಕ್ಕೆ ತರಲು ಡಂಜನ್ ಮಾಸ್ಟರ್ ಎಂಬ ಮನುಷ್ಯ ಇರುತ್ತಾನೆ. ರಟ್ಟಿನ ಮರೆಯ ಹಿಂದೆ ದಾಳ ಉರುಳಿಸುತ್ತಾನೆ. 8 ಬಿದ್ದರೂ ಎದುರಿಗಿರುವವರ ಮುಖ ನೋಡಿ 3 ಎಂದುಬಿಡುತ್ತಾನೆ. ತೋಳ ಕಾಲಿಗೆ ಬಾಯಿ ಹಾಕುವಷ್ಟರಲ್ಲಿ ದೂರದಲ್ಲಿ ಬೇಟೆಗಾರರ ಕೊಂಬಿನ ಸದ್ದು ಕೇಳಿಸುತ್ತಾನೆ. ಕಂಪ್ಯೂಟರಿಗೆ ನಿಯಮ ಬಂತು, ಈ ದಾಕ್ಷಿಣ್ಯ ಬರಲಿಲ್ಲ. ಅದರ ಬದಲು ಸಿಕ್ಕಿದ್ದು ಸೇವ್ ಮಾಡುವ, ಸತ್ತರೆ ಮತ್ತೆ ಲೋಡ್ ಮಾಡುವ ಸೌಕರ್ಯ. ನೀವು ಟಾರ್ನೆಶ್‌ನ ಎದುರು ಮತ್ತೆ ಮತ್ತೆ ಲೋಡ್ ಒತ್ತುತ್ತಿದ್ದೀರಲ್ಲ, ಡಂಜನ್ ಮಾಸ್ಟರ್ ಗುಟ್ಟಾಗಿ ಮಾಡುತ್ತಿದ್ದ ಕೆಲಸವನ್ನೇ ಬಹಿರಂಗವಾಗಿ ಮಾಡುತ್ತಿದ್ದೀರಿ. ಡಿಫಿಕಲ್ಟಿ ಇಳಿಸುವುದೂ ಅದೇ ಕೆಲಸ, ಸಮಯ ಉಳಿಯುತ್ತದೆ ಅಷ್ಟೆ.

ಇನ್ನೊಂದು ಕಾರಣ ಹಳೆಯದು. ಇಂಥ ಆಟಗಳ ಮೊದಲ ದಿನಗಳಲ್ಲಿ ಕತೆಗೆ ಜಾಗವೇ ಇರಲಿಲ್ಲ, ಕಷ್ಟವೇ ಕತೆಯ ಕೆಲಸ ಮಾಡಬೇಕಿತ್ತು. 1981ರ ‘ವಿಝರ್ಡ್ರಿ’ ನೋಡಿ: ಆರು ಜನರ ತಂಡ, ಹತ್ತು ಅಂತಸ್ತಿನ ನೆಲಮಾಳಿಗೆ, ವರ್ಡ್ನಾ ಎಂಬ ಮಾಂತ್ರಿಕ ಕದ್ದ ತಾಯಿತ. ಕತೆ ಎಂದರೆ ಇಷ್ಟೇ. ಆಪಲ್ 2ರ ಫ್ಲಾಪಿಯ ಒಂದು ಬದಿಯಲ್ಲಿ ಹಿಡಿಯುತ್ತಿದ್ದುದು ಸುಮಾರು 140 ಕಿಲೋಬೈಟ್. ಅದರಲ್ಲಿ ಕಾದಂಬರಿ ಬರೆಯಲಾದೀತೆ? ಸತ್ತವನನ್ನು ಗುಡಿಗೆ ಹೊತ್ತೊಯ್ದು ಬದುಕಿಸಲು ಹೋಗಿ ಅದು ಕೈಕೊಟ್ಟರೆ ಅವನು ಬೂದಿ. ಇನ್ನೊಮ್ಮೆ ಕೈಕೊಟ್ಟರೆ ಶಾಶ್ವತವಾಗಿ ಇಲ್ಲ. ಆಟ ಆ ಸಾವನ್ನು ಕೂಡಲೇ ಡಿಸ್ಕಿನ ಮೇಲೆ ಬರೆದುಬಿಡುತ್ತಿತ್ತು. ಹೆಸರಿಟ್ಟು ವಾರಗಟ್ಟಲೆ ಬೆಳೆಸಿದವನು ಹೀಗೆ ಹೋದರೆ ಆಟಗಾರನಿಗೆ ಅದೇ ಕತೆ. 1988ರ ‘ಪೂಲ್ ಆಫ್ ರೇಡಿಯನ್ಸ್’ ಹೊತ್ತಿಗೆ ಹೇಳಬೇಕಾದ್ದು ಹೆಚ್ಚಿತ್ತು, ಡಿಸ್ಕು ಚಿಕ್ಕದೇ ಇತ್ತು. ಆದ್ದರಿಂದ ಕತೆಯ ಭಾಗಗಳನ್ನು ಒಂದು ಪುಸ್ತಿಕೆಯಲ್ಲಿ ಅಚ್ಚು ಹಾಕಿ ಪೆಟ್ಟಿಗೆಯೊಳಗಿಟ್ಟರು. ಪರದೆ ಇಂತಿಷ್ಟನೆಯ ಭಾಗ ಓದು ಎನ್ನುತ್ತಿತ್ತು. ಮುಂಚೆಯೇ ಇಣುಕಿ ನೋಡುವ ಕಿಲಾಡಿಗಳ ದಾರಿ ತಪ್ಪಿಸಲೆಂದು ನಡುನಡುವೆ ಸುಳ್ಳು ಭಾಗಗಳನ್ನೂ ಸೇರಿಸಿದ್ದರು.

ಈಗ ನಿಮ್ಮ ಆಟಕ್ಕೆ ಬರೋಣ. ಆ ಸೀಮೆಯಲ್ಲಿ ಕಬ್ಬಿಣದ ಬರ. ನ್ಯಾಷ್ಕೆಲ್ ಗಣಿಯಿಂದ ಬರುವ ಅದಿರು ಕೆಟ್ಟಿದೆ ಎಂದು ಊರೂರಲ್ಲಿ ಜನ ಗೊಣಗುತ್ತಿರುತ್ತಾರೆ. ಇದನ್ನು ಬಾಯಿಮಾತಿನಲ್ಲಷ್ಟೇ ಬಿಟ್ಟಿದ್ದರೆ ನೀವೂ ಸರಸರ ಕ್ಲಿಕ್ ಮಾಡಿ ಮುಂದೆ ಹೋಗುತ್ತಿದ್ದಿರಿ. ಆದರೆ ಮಂತ್ರಶಕ್ತಿಯಿಲ್ಲದ ಸಾಧಾರಣ ಕಬ್ಬಿಣದ ಕತ್ತಿ ಹಿಡಿದು ಹೊಡೆದಾಡಿ ನೋಡಿ. ನಡು ಜಗಳದಲ್ಲಿ ಅದು ಲಟಕ್ಕನೆ ಮುರಿಯುತ್ತದೆ. ಕೈ ಖಾಲಿ, ಎದುರಿಗೆ ಕೋಬಾಲ್ಡ್ ಎಂಬ ಕುಳ್ಳ ರಾಕ್ಷಸರ ಹಿಂಡು. ಅಂಗಡಿಯವನ ಗೊಣಗಾಟ ಆಗ ನಿಮ್ಮದೇ ಕಷ್ಟವಾಗುತ್ತದೆ. ಗಣಿಯೊಳಗೆ ಯಾರು ಏನು ಬೆರೆಸುತ್ತಿದ್ದಾರೆ ಎಂದು ತಿಳಿಯುವ ಹಟ ಹುಟ್ಟುತ್ತದೆ. ಇಡೀ ಆಟದಲ್ಲಿ ನನಗೆ ಅತ್ಯಂತ ಜಾಣತನದ್ದು ಎನಿಸುವುದು ಇದೇ, ಕೊನೆಯ ಖಳ ಸಾರೆವೊಕ್‌ನ ಗುಡುಗಿನ ಮಾತುಗಳಲ್ಲ.

2000ದಲ್ಲಿ ಬಂದ ಎರಡನೆಯ ಭಾಗದಲ್ಲಿ ಬೋಧಿ ಎಂಬ ರಕ್ತಪಿಶಾಚಿ ಇದ್ದಾಳೆ. ಅವಳ ಕಡೆಯವರು ಹೊಡೆದರೆ ಜೀವವಷ್ಟೇ ಅಲ್ಲ, ನೀವು ಕಷ್ಟಪಟ್ಟು ಗಳಿಸಿದ ಲೆವೆಲ್ಲೇ ಇಳಿಯುತ್ತದೆ, ಕಲಿತ ಮಂತ್ರಗಳು ಕೈಬಿಡುತ್ತವೆ. ಅದಕ್ಕೆ ತಕ್ಕ ರಕ್ಷಣೆಯ ಮಂತ್ರ ಹುಡುಕಿಕೊಂಡು ಹೋದಮೇಲಷ್ಟೇ ಅವರ ಮುಂದೆ ನಿಲ್ಲಲು ಸಾಧ್ಯ. ಸ್ಮಶಾನದ ಬೀದಿಗೆ ರಾತ್ರಿ ಹೋಗಲು ಆಟಗಾರರು ಹಿಂಜರಿಯುವುದು ಸಂಭಾಷಣೆ ಬರೆದವರ ಪ್ರಭಾವದಿಂದಲ್ಲ, ಈ ನಿಯಮದಿಂದ. ಇತ್ತೀಚಿನ ಎನ್‌ಹಾನ್ಸ್‌ಡ್ ಆವೃತ್ತಿಗಳಲ್ಲಿ ಸ್ಟೋರಿ ಮೋಡ್ ಎಂದೊಂದಿದೆ. ಅದರಲ್ಲಿ ತಂಡದವರು ಸಾಯುವುದೇ ಇಲ್ಲ. ಹೆಸರು ಸ್ಟೋರಿ, ಆದರೆ ಅಲ್ಲಿ ಬೋಧಿ ಬರೀ ಮಾತಿನ ಮಲ್ಲಿಯಾಗಿ ಉಳಿಯುತ್ತಾಳೆ. ಅದನ್ನು ನಾನು ಶಿಫಾರಸು ಮಾಡುವುದಿಲ್ಲ. ಅದರ ಬದಲು ಸುಲಭದ ಮೆಟ್ಟಿಲು ಸಾಕು: ಶತ್ರುವಿನ ಏಟು ಹಗುರವಾಗುತ್ತದೆ, ಆದರೆ ಏಟು ಏಟೇ.

ಹಾಗೆಂದು ಎಲ್ಲ ಹೊಡೆದಾಟಕ್ಕೂ ಇಂಥ ಮರ್ಯಾದೆ ಬೇಕಿಲ್ಲ. ಮೊದಲ ಭಾಗದ ಕಾಡುಗಳಲ್ಲಿ ಹತ್ತು ಹೆಜ್ಜೆಗೊಂದು ಗಿಬ್ಬರ್ಲಿಂಗ್ ಎಂಬ ಪುಡಿ ರಾಕ್ಷಸರ ಗುಂಪು ಮೇಲೆ ಬೀಳುವುದು ಧಾರಾವಾಹಿಯ ಕಂತು ಎಳೆದ ಹಾಗೆ. ಅದಕ್ಕೆ ಕತೆಯೂ ಇಲ್ಲ, ಯೋಚನೆಯೂ ಬೇಡ. ಅಲ್ಲಿ ಡಿಫಿಕಲ್ಟಿಯ ಸ್ಲೈಡರ್ ಕೆಳಕ್ಕೆ ತಳ್ಳಿ. ಎದುರಿಗಿರುವವನಿಗೆ ಒಂದು ಹೆಸರು, ಹೇಳಲು ಒಂದು ಮಾತು, ನಿಮ್ಮ ಮೇಲೆ ಬೀಳಲು ಒಂದು ಕಾರಣ ಇದ್ದರೆ ನಡುಗೆರೆಗೆ ತನ್ನಿ. ಆಟದ ನಡುವೆಯೇ ಬದಲಿಸಬಹುದು, ಯಾರೂ ಕೇಳುವುದಿಲ್ಲ. 2015ರ ‘ಪಿಲ್ಲರ್ಸ್ ಆಫ್ ಎಟರ್ನಿಟಿ’ ಮಾಡಿದವರು ಈ ಎಳೆದಾಟದ ಬೇರಿಗೇ ಕೈಹಾಕಿದರು. ಅಲ್ಲಿ ಅನುಭವದ ಅಂಕ ಸಿಗುವುದು ಮುಖ್ಯವಾಗಿ ಒಪ್ಪಿಕೊಂಡ ಕೆಲಸ ಮುಗಿಸಿದರೆ. ಒಂದೇ ಜಾತಿಯ ಪ್ರಾಣಿಯನ್ನು ಕೊಲ್ಲುತ್ತಲೇ ಹೋದರೆ ಲಾಭವಿಲ್ಲ.

ಟಾರ್ನೆಶ್‌ಗೆ ಮಾತ್ರ ಡಿಫಿಕಲ್ಟಿ ಇಳಿಸದೆಯೇ ಮದ್ದಿದೆ. ಶುರುವಿನಲ್ಲೇ ಸಿಗುವ ಗೆಳತಿ ಇಮೋಯೆನ್ ನಿಮ್ಮ ಜೊತೆ ಸೇರುವಾಗ ಮ್ಯಾಜಿಕ್ ಮಿಸೈಲ್‌ನ ಒಂದು ಮಂತ್ರದಂಡ ತಂದಿರುತ್ತಾಳೆ. ಅವನ ಮಾತು ಮುಗಿಯುತ್ತಿದ್ದಂತೆ ಸ್ಪೇಸ್ ಬಾರ್ ಒತ್ತಿ ಆಟ ನಿಲ್ಲಿಸಿ, ಅದನ್ನು ಅವನ ಮೇಲೆ ಬಿಡಲು ಹೇಳಿ. ಮಂತ್ರ ಜಪಿಸುತ್ತಿರುವವನಿಗೆ ಏಟು ಬಿದ್ದರೆ ಮಂತ್ರ ಕೆಡುತ್ತದೆ. ತೋಳಗಳಿಗೆ ಮೊದಲ ಲೆವೆಲ್ಲಿನ ‘ಸ್ಲೀಪ್’ ಸಾಕು, ಹಿಂಡಿಗೆ ಹಿಂಡೇ ಮಲಗುತ್ತದೆ. ತಂಡದಲ್ಲಿ ಆದಷ್ಟು ಜನರ ಕೈಗೆ ಬಿಲ್ಲೋ ಕವಣೆಯೋ ಕೊಡಿ. ಈ ಆಟದಲ್ಲಿ ದೂರದಿಂದ ಹೊಡೆಯುವವನೇ ಬದುಕುತ್ತಾನೆ.

ಕೊನೆಯ ಪ್ರಶ್ನೆ. ನಿಮ್ಮಂಥವರು ‘ಟಾರ್ಮೆಂಟ್’ ಆಡಬೇಕು. 1999ರಲ್ಲಿ ಬ್ಲ್ಯಾಕ್ ಐಲ್ ಸ್ಟುಡಿಯೋದಲ್ಲಿ ಕ್ರಿಸ್ ಅವೆಲ್ಲೋನ್ ಮುಂದಾಳತ್ವದಲ್ಲಿ ಬಂದ ಈ ಆಟದ ನಾಯಕನಿಗೆ ಹೆಸರೂ ಇಲ್ಲ, ಸಾವೂ ಇಲ್ಲ. ಸತ್ತರೆ ಬೇರೆಲ್ಲೋ ಎದ್ದು ಕೂರುತ್ತಾನೆ. ಸಾವಿನ ಭಯ ತೆಗೆದುಹಾಕಿದ ಮೇಲೆ ಹೊಡೆದಾಟಕ್ಕೆ ತೂಕವಿಲ್ಲವೆಂದು ಅದನ್ನು ಮಾಡಿದವರಿಗೂ ಗೊತ್ತಿತ್ತು. ಮೋಡ್ರಾನ್ ಎಂಬ ಯಂತ್ರಜೀವಿಗಳು ಕಟ್ಟಿದ ಒಂದು ಚಕ್ರವ್ಯೂಹ ಅದರಲ್ಲಿದೆ. ಒಳಹೊಕ್ಕವರು ಸುಲಭ, ಸಾಧಾರಣ, ಕಠಿಣ ಎಂದು ಆರಿಸಿಕೊಳ್ಳಬಹುದು. ನೆಲಮಾಳಿಗೆಯಲ್ಲಿ ರಾಕ್ಷಸರನ್ನು ಕೊಂದು ಅಂಕ ಗಳಿಸುವ ತಮ್ಮ ಕುಲದ ಆಟಗಳನ್ನೇ ಆಟ ಕಟ್ಟಿದವರು ಅಲ್ಲಿ ಗೇಲಿ ಮಾಡಿದ್ದಾರೆ. ‘ಐಸ್‌ವಿಂಡ್ ಡೇಲ್’ ಅದೇ ಸ್ಟುಡಿಯೋ ಮರುವರ್ಷವೇ ಮಾಡಿದ್ದು, ಸ್ವಭಾವ ಪೂರ್ತಿ ಉಲ್ಟಾ. ಆರೂ ಜನರನ್ನು ನೀವೇ ಸೃಷ್ಟಿಸಬೇಕು, ಅವರು ತಮ್ಮಲ್ಲಿ ಮಾತಾಡುವುದಿಲ್ಲ, ಮೊದಲಿನಿಂದ ಕೊನೆಯವರೆಗೆ ಕಾದಾಟ. ಹೊಡೆದಾಟದ ರುಚಿ ಹತ್ತಿದ ಮೇಲೆ ಅತ್ತ ಹೋಗಿ.

‘ಟಾರ್ಮೆಂಟ್’ ಶುರು ಮಾಡುವಾಗ ಅಂಕಗಳನ್ನು ತೋಳ್ಬಲಕ್ಕೆ ಸುರಿಯಬೇಡಿ. ವಿಸ್‌ಡಮ್, ಇಂಟೆಲಿಜೆನ್ಸ್, ಕರಿಸ್ಮಾ ಈ ಮೂರಕ್ಕೆ ಹಾಕಿದರೆ ಮರೆತ ಹಿಂದಿನ ಜನ್ಮಗಳು ನೆನಪಾಗುವ ಸಂಭಾಷಣೆಗಳು ತೆರೆದುಕೊಳ್ಳುತ್ತವೆ. ಕೊನೆಯ ಎದುರಾಳಿಯನ್ನೂ ಮಾತಿನಲ್ಲೇ ಗೆಲ್ಲಬಹುದು. ಕರ್ಸ್ಟ್ ಎಂಬ ಊರಿನ ಅಡಿಯ ಸೆರೆಮನೆಯ ಭಾಗ ಬಂದಾಗ ಮಾತ್ರ ಬರಹ ಸೊರಗಿ ಹೊಡೆದಾಟ ಮಿತಿಮೀರುತ್ತದೆ. ಅಲ್ಲಿ ಸ್ಲೈಡರ್ ಇಳಿಸಿಯೇ ಕೆಳಗಿಳಿಯಿರಿ, ಕಾವಲುಗಾರರ ಜೊತೆ ಪೌರುಷಕ್ಕೆ ನಿಲ್ಲಬೇಡಿ, ಜಾಗ ಸಿಕ್ಕ ಕಡೆ ಓಡಿ.