ನೆನಪಿನ ಗಂಟನ್ನು ಹೊರ ಡಿಸ್ಕಿಗೆ ಸಾಗಿಸುವ ಕ್ರಮ



ಊರು ಬಿಟ್ಟು ದುಡಿಯಲು ಬಂದವರ ಆಸ್ತಿಯೆಂದರೆ ಹಿಂದೆ ಒಂದು ತಗಡಿನ ಪೆಟ್ಟಿಗೆ. ಅದರಲ್ಲಿ ಎರಡು ಜೊತೆ ಬಟ್ಟೆ, ಮನೆಯಿಂದ ಬಂದ ಕಾಗದಗಳು, ಒಂದೆರಡು ಭಾವಚಿತ್ರಗಳು. ಈಗ ಬಟ್ಟೆಯೊಂದನ್ನು ಬಿಟ್ಟು ಮಿಕ್ಕದ್ದೆಲ್ಲ ಮೊಬೈಲಿನೊಳಗೆ ಸೇರಿದೆ. ಮಗುವಿನ ನಾಮಕರಣದ ಚಿತ್ರ, ಊರ ಜಾತ್ರೆಯ ವಿಡಿಯೋ, ಇಡೀ ರಾತ್ರಿಯ ಯಕ್ಷಗಾನದ ಧ್ವನಿಮುದ್ರಣ, ಮನೆಯವರ ದನಿ, ಎಲ್ಲವೂ ಅಲ್ಲಿಯೇ. ಒಂದು ದಿನ ‘ಸ್ಥಳ ಮುಗಿದಿದೆ’ ಎಂಬ ಸೂಚನೆ ಬರುತ್ತದೆ. ಗೂಗಲ್ ಫೋಟೋಸ್‌ನಲ್ಲಿ ಮಿತಿಯಿಲ್ಲದೆ ಪುಕ್ಕಟೆಯಾಗಿ ಇಡುವ ಸೌಕರ್ಯವೂ 2021ರ ಜೂನ್ 1ರಿಂದ ನಿಂತು, ಟಪಾಲು ಸೇರಿ 15 ಜಿಬಿಯ ಲೆಕ್ಕಕ್ಕೆ ಬಂದಿದೆ. ಆಗ ನಮ್ಮವರು ಎರ್ನಾಕುಳಂನ ಪೆಂಟಾ ಮೇನಕದಂಥ ಅಂಗಡಿ ಸಾಲಿಗೆ ಹೋಗಿ ಒಂದು ಹೊರ ಡಿಸ್ಕನ್ನು ಕೊಂಡು, ಎಲ್ಲವನ್ನೂ ಅದಕ್ಕೆ ತುಂಬಿ, ಮೊಬೈಲನ್ನು ಬರಿದು ಮಾಡಿ ನಿಶ್ಚಿಂತರಾಗುತ್ತಾರೆ.

ಈ ನಿಶ್ಚಿಂತೆಯೇ ಅಪಾಯ. ಕಳೆದ ಮಳೆಗಾಲದಲ್ಲಿ ನಮ್ಮ ವಾಚನಾಲಯಕ್ಕೆ ಬರುವ ಹೋಟೆಲು ಕೆಲಸದ ಮಿತ್ರರೊಬ್ಬರು ಹೀಗೆಯೇ ಮಾಡಿದರು. ಅವರ ತಾಯಿ ತೀರಿಕೊಳ್ಳುವ ಮುನ್ನ ಎರಡು ವರುಷ ಕಳಿಸುತ್ತಿದ್ದ ದನಿಸಂದೇಶಗಳೆಲ್ಲ ಆ ಡಿಸ್ಕಿನಲ್ಲಿದ್ದವು. ಒಂದು ರಾತ್ರಿ ಲಾಡ್ಜಿನ ಮಂಚದ ಮೇಲಿಟ್ಟು ಸಿನಿಮಾ ನೋಡುತ್ತಿದ್ದಾಗ ತಂತಿ ಕಾಲಿಗೆ ತೊಡರಿ ಡಿಸ್ಕು ನೆಲಕ್ಕೆ ಬಿತ್ತು. ಮತ್ತೆ ಅದು ತೆರೆಯಲಿಲ್ಲ. ರಿಪೇರಿಯವರು ತಿಂಗಳ ಸಂಬಳದಷ್ಟು ಕೇಳಿದರು. ಸಿಕ್ಕೇ ಸಿಗುತ್ತದೆಂದು ಹೇಳಲಿಲ್ಲ. “ಡಿಸ್ಕಿಗೆ ಹಾಕಿದ್ದೆನಲ್ಲ ಸ್ವಾಮಿ, ಭದ್ರವಾಗಿದೆ ಅಂದುಕೊಂಡಿದ್ದೆ” ಎಂದು ಅವರು ನಮ್ಮ ಮೇಜಿನೆದುರು ಕುಳಿತು ಹೇಳಿದ ಮಾತೇ ಈ ಪಾಠಕ್ಕೆ ಕಾರಣ.

ಮೊದಲಿಗೇ ಒಂದು ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳೋಣ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸಿದ ಮಾತ್ರಕ್ಕೆ ವಸ್ತು ಉಳಿದಂತಾಗುವುದಿಲ್ಲ. ಎರಡು ಕಡೆ ಇದ್ದರೆ ಮಾತ್ರ ಉಳಿದಂತೆ.

1. ಲೆಕ್ಕ ಹಾಕುವುದು

ಕೊಳ್ಳುವ ಮುಂಚೆ ನಮ್ಮ ಗಂಟು ಎಷ್ಟು ದೊಡ್ಡದೆಂದು ನೋಡಿಕೊಳ್ಳಬೇಕು. ಡಿಸ್ಕು ತಯಾರಿಸುವವರು 1 ಟಿಬಿ ಎಂದರೆ ಒಂದು ಲಕ್ಷ ಕೋಟಿ ಬೈಟು ಎಂದು ಎಣಿಸುತ್ತಾರೆ. ವಿಂಡೋಸ್ 1024ರ ಮಗ್ಗಿಯಲ್ಲಿ ಎಣಿಸುವುದರಿಂದ ಅದೇ ಡಿಸ್ಕು 931 ಜಿಬಿ ಎಂದು ತೋರುತ್ತದೆ. ಅಂಗಡಿಯವನು ಮೋಸ ಮಾಡಿದನೆಂದು ಜಗಳಕ್ಕೆ ಹೋಗಬೇಕಾಗಿಲ್ಲ. ಆದರೆ 16 ಟಿಬಿ ಎಂದು ಬರೆದು ಊಟದ ಬೆಲೆಗೆ ಮಾರುವ ಡಿಸ್ಕು ನಿಜಕ್ಕೂ ಮೋಸ. ಒಳಗೆ ಇರುವುದು ಸಣ್ಣ ಚಿಪ್ಪು. ಅದರ ಮಿತಿ ದಾಟಿ ತುಂಬಿದ್ದು ಹೆಸರಿಗೆ ಕಾಣಿಸಿದರೂ ತೆರೆಯುವುದಿಲ್ಲ.

ವೇಳೆಯ ಲೆಕ್ಕವೂ ಬೇಕು. ನಮ್ಮ ಸಂಘದ ರಾಜ್ಯೋತ್ಸವದ ವಿಡಿಯೋ, ತಾಳಮದ್ದಳೆಯ ಮುದ್ರಣ, ಹಳೆಯ ಕ್ಯಾಸೆಟ್ಟುಗಳಿಂದ ಇಳಿಸಿದ ಹಾಡು ಎಲ್ಲ ಸೇರಿ 400 ಜಿಬಿಯಷ್ಟಿತ್ತು. ಯುಎಸ್‌ಬಿ 3 ಕಿಂಡಿಯಲ್ಲಿ ಸೆಕೆಂಡಿಗೆ 100 ಎಂಬಿಯಂತೆ ಹರಿದರೆ 4000 ಸೆಕೆಂಡು, ಅಂದರೆ ಒಂದು ಗಂಟೆ ಏಳು ನಿಮಿಷ ಸಾಕು. ಹಳೆಯ ಯುಎಸ್‌ಬಿ 2 ಕಿಂಡಿಯಲ್ಲಿ 30 ಎಂಬಿಯಂತೆ ಹೋದರೆ ಮೂರೂಮುಕ್ಕಾಲು ಗಂಟೆ ಬೇಕು. ಸಾವಿರಾರು ಸಣ್ಣ ಫೈಲುಗಳಿದ್ದರೆ ಇನ್ನೂ ನಿಧಾನ. ಆದಕಾರಣ ಇದನ್ನು ರಜೆಯ ದಿನಕ್ಕೆ ಇಟ್ಟುಕೊಳ್ಳುವುದು ಲೇಸು.

2. ಡಿಸ್ಕನ್ನು ಸಿದ್ಧಪಡಿಸುವುದು

ಡಿಸ್ಕಿನೊಳಗೆ ಬರೆಯುವ ಪದ್ಧತಿಗೆ ಫಾರ್ಮ್ಯಾಟ್ ಎನ್ನುತ್ತಾರೆ. ಫ್ಯಾಟ್32 ಎಂಬ ಹಳೆಯ ಪದ್ಧತಿಯಲ್ಲಿ 4 ಜಿಬಿಯಷ್ಟು ದೊಡ್ಡ ಫೈಲು ಹಿಡಿಸುವುದಿಲ್ಲ. ಡಿಸ್ಕಿನಲ್ಲಿ ನೂರಾರು ಜಿಬಿ ಖಾಲಿಯಿದ್ದರೂ ಮದುವೆಯ ವಿಡಿಯೋ ಒಳಗೆ ಹೋಗದಿರಲು ಇದೇ ಕಾರಣ. ಎನ್‌ಟಿಎಫ್‌ಎಸ್ ವಿಂಡೋಸಿಗೆ ಒಳ್ಳೆಯದು. ಆದರೆ ಮ್ಯಾಕ್ ಅದನ್ನು ಓದುತ್ತದೆಯೇ ಹೊರತು ತಾನಾಗಿ ಬರೆಯುವುದಿಲ್ಲ. ಕೇರಳದ ಸರ್ಕಾರಿ ಶಾಲೆಗಳಲ್ಲಿ ಓದುವ ನಮ್ಮ ಮಕ್ಕಳು ಲಿನಕ್ಸ್ ಬಳಸುತ್ತಾರೆ. ಎಲ್ಲ ಕಡೆಯೂ ತೆರೆಯಬೇಕಾದರೆ ಎಕ್ಸ್‌ಫ್ಯಾಟ್ ಅನುಕೂಲ. ಫಾರ್ಮ್ಯಾಟ್ ಮಾಡಿದರೆ ಡಿಸ್ಕಿನಲ್ಲಿ ಇದ್ದುದೆಲ್ಲ ಹೋಗುತ್ತದೆ. ಆದುದರಿಂದ ಖಾಲಿ ಇರುವಾಗಲೇ ಮಾಡತಕ್ಕದ್ದು.

3. ಕಟ್ ಬೇಡ, ಕಾಪಿ ಮಾಡಿ

ಕಟ್ ಮಾಡಿ ಪೇಸ್ಟ್ ಮಾಡುವ ಅಭ್ಯಾಸವನ್ನು ಬಿಡಬೇಕು. ನಡುವೆ ವಿದ್ಯುತ್ತು ಹೋದರೆ, ತಂತಿ ಸಡಿಲಿದರೆ, ಯಾವುದು ಎಲ್ಲಿದೆ ಎಂಬುದೇ ತಿಳಿಯದು. ಕಾಪಿ ಮಾಡಿದರೆ ಮೂಲ ತನ್ನ ಜಾಗದಲ್ಲಿಯೇ ಇರುತ್ತದೆ. ದೊಡ್ಡ ಗಂಟಿಗೆ ವಿಂಡೋಸಿನಲ್ಲಿ ರೋಬೋಕಾಪಿ, ಲಿನಕ್ಸಿನಲ್ಲಿ ಆರ್‌ಸಿಂಕ್ ಎಂಬ ಸಾಧನಗಳುಂಟು. ಕೆಲಸ ಅರ್ಧಕ್ಕೆ ನಿಂತರೂ ಮತ್ತೆ ಓಡಿಸಿದಾಗ ಮುಗಿದ ಫೈಲುಗಳನ್ನು ಬಿಟ್ಟು ಉಳಿದವನ್ನು ಅವು ಮುಂದುವರಿಸುತ್ತವೆ.

ಇಲ್ಲಿ ಮೂರು ಎಚ್ಚರಿಕೆಗಳು. ಒಂದು, ಸ್ಥಳ ಉಳಿಸುವ ಏರ್ಪಾಟು ಇರುವ ಮೊಬೈಲು, ಲ್ಯಾಪ್‌ಟಾಪುಗಳಲ್ಲಿ ಕಾಣುವುದು ಕೆಲವೊಮ್ಮೆ ಕಿರುಪ್ರತಿ ಅಥವಾ ಬರಿಯ ಹೆಸರು ಮಾತ್ರ; ನಿಜವಾದ ಚಿತ್ರ ಕಂಪನಿಯ ಕಂಪ್ಯೂಟರಿನಲ್ಲಿರುತ್ತದೆ. ಮೊದಲು ಪೂರ್ತಿ ಇಳಿಸಿಕೊಂಡು ಆಮೇಲೆ ಕಾಪಿ ಮಾಡಬೇಕು. ಎರಡು, ವಿಂಡೋಸಿನಲ್ಲಿ ಫೋಲ್ಡರುಗಳ ಹೆಸರೆಲ್ಲ ಸೇರಿದ ವಿಳಾಸ ಸಾಮಾನ್ಯವಾಗಿ 260 ಅಕ್ಷರ ದಾಟಿದರೆ ಕಾಪಿ ನಿಲ್ಲುವುದುಂಟು. ಕನ್ನಡದ ‘ಸ್ತ್ರೀ’ ನಮಗೆ ಒಂದೇ ಅಕ್ಷರ. ಯಂತ್ರಕ್ಕೆ ಅದು ಆರು. ಕನ್ನಡದಲ್ಲಿ ಹೆಸರಿಡಿ, ಆದರೆ ಚಿಕ್ಕದಾಗಿಡಿ. ಮೂರು, ಆಂಡ್ರಾಯ್ಡ್ ಮೊಬೈಲಿನಲ್ಲಿ ವಾಟ್ಸಾಪಿನ ದನಿಸಂದೇಶಗಳು ಬೇರೊಂದು ಫೋಲ್ಡರಿನಲ್ಲಿ ವಾರಕ್ಕೊಂದರಂತೆ ಹಂಚಿ ಕುಳಿತಿರುತ್ತವೆ. ಫೈಲಿನ ಹೆಸರಿನಿಂದ ಯಾರ ದನಿಯೆಂದು ತಿಳಿಯುವುದಿಲ್ಲ. ಬೇಕಾದವನ್ನು ಆರಿಸಿ, ‘ಅಮ್ಮ, 2022, ದೀಪಾವಳಿ’ ಎಂಬಂತೆ ನೀವೇ ಹೆಸರಿಡಬೇಕು. ಈ ಕೆಲಸವನ್ನು ಮುಂದಕ್ಕೆ ಹಾಕಕೂಡದು.

4. ತಾಳೆ ನೋಡುವುದು

ಬ್ಯಾಂಕಿನ ಗುಮಾಸ್ತರು ದಿನದ ಕೊನೆಗೆ ಲೆಕ್ಕ ತಾಳೆ ನೋಡದೆ ಮನೆಗೆ ಹೋಗುವುದಿಲ್ಲ. ಇಲ್ಲಿಯೂ ಹಾಗೆಯೇ. ಮೂಲದ ಫೋಲ್ಡರು, ಪ್ರತಿಯ ಫೋಲ್ಡರು ಎರಡರ ಪ್ರಾಪರ್ಟೀಸ್ ತೆರೆದು ಫೈಲುಗಳ ಸಂಖ್ಯೆಯನ್ನೂ ಒಟ್ಟು ಬೈಟುಗಳನ್ನೂ ಹೋಲಿಸಬೇಕು. ‘ಸೈಜ್’ ಎಂಬ ಅಂಕಿಯನ್ನು ನೋಡಿ. ‘ಸೈಜ್ ಆನ್ ಡಿಸ್ಕ್’ ಎಂಬುದು ಡಿಸ್ಕಿನಿಂದ ಡಿಸ್ಕಿಗೆ ಬೇರೆಯಾಗುವುದು ಸಹಜ. ತರುವಾಯ ಡಿಸ್ಕನ್ನು ‘ಇಜೆಕ್ಟ್’ ಮಾಡಿ ಬಿಚ್ಚಿ, ಮತ್ತೆ ಸಿಕ್ಕಿಸಿ, ಅಲ್ಲಲ್ಲಿ ಹತ್ತಿಪ್ಪತ್ತು ಫೈಲುಗಳನ್ನು ತೆರೆದು ನೋಡಬೇಕು. ವಿಡಿಯೋವನ್ನು ಮೊದಲಲ್ಲಿ ಮಾತ್ರವಲ್ಲ, ಕೊನೆಯಲ್ಲಿಯೂ ನೋಡಬೇಕು.

5. ಪಟ್ಟಿಯೂ ಜೊತೆಗೆ ಹೋಗಬೇಕು

ವಾಚನಾಲಯದ ಪುಸ್ತಕವನ್ನು ಬೇರೆ ಕಪಾಟಿಗೆ ಇಟ್ಟು ರಿಜಿಸ್ಟರಿನಲ್ಲಿ ತಿದ್ದದಿದ್ದರೆ ಏನಾಗುತ್ತದೆ? ಪುಸ್ತಕ ಇದ್ದೂ ಇಲ್ಲದಂತೆ. ಹಾಡು ನುಡಿಸುವ ಅನೇಕ ತಂತ್ರಾಂಶಗಳೂ ಒಂದು ರಿಜಿಸ್ಟರು ಇಟ್ಟುಕೊಂಡಿರುತ್ತವೆ. ಹಾಡುಗಳ ಫೋಲ್ಡರನ್ನು ಹೊರ ಡಿಸ್ಕಿಗೆ ಒಯ್ದರೆ ಅದರ ವಿಳಾಸ ಬದಲಾಗಿ, ಪಟ್ಟಿಯಲ್ಲಿ ಹೆಸರಿದ್ದರೂ ಹಾಡು ಸಿಗದು. ತಂತ್ರಾಂಶದೊಳಗಿಂದಲೇ ಹೊಸ ಜಾಗವನ್ನು ತಿಳಿಸಬೇಕು. ವಿಂಡೋಸಿನಲ್ಲಿ ಡಿಸ್ಕಿನ ಅಕ್ಷರ ಇಂದು ಇ, ನಾಳೆ ಎಫ್ ಆಗುವುದುಂಟು. ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಒಂದು ಅಕ್ಷರವನ್ನು ಗೊತ್ತುಮಾಡಿದರೆ ಈ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ.

6. ಎರಡನೆಯ ಪ್ರತಿ, ಎರಡನೆಯ ಊರು

ಇಷ್ಟೆಲ್ಲ ಆದ ಮೇಲೂ ಮೂಲವನ್ನು ಅಳಿಸಬೇಡಿ. ಇನ್ನೊಂದು ಡಿಸ್ಕಿನಲ್ಲಿ ಎರಡನೆಯ ಪ್ರತಿ ಆಗಲಿ. ಅದು ಬೇರೆ ಮನೆಯಲ್ಲಿ, ಸಾಧ್ಯವಾದರೆ ಬೇರೆ ಊರಿನಲ್ಲಿರಲಿ. 2018ರ ಆಗಸ್ಟಿನ ಪ್ರವಾಹವನ್ನು ಇಲ್ಲಿದ್ದವರಾರೂ ಮರೆತಿಲ್ಲ. ಪೆರಿಯಾರ್ ಉಕ್ಕಿ ಆಲುವಾ ಮುಳುಗಿತು. ನೆಡುಂಬಾಶ್ಶೇರಿಯ ವಿಮಾನ ನಿಲ್ದಾಣವೇ 15ರಿಂದ 29ರವರೆಗೆ ಮುಚ್ಚಿತ್ತು. ಅಂಥ ನೀರು ಮನೆಗೆ ನುಗ್ಗಿದಾಗ ಒಂದೇ ಕಪಾಟಿನಲ್ಲಿಟ್ಟ ಎರಡು ಡಿಸ್ಕುಗಳೂ ಒಟ್ಟಿಗೇ ನೆನೆಯುತ್ತವೆ. ನಾವು ಸಂಘದ ಒಂದು ಪ್ರತಿಯನ್ನು ಕೊಚ್ಚಿಯಲ್ಲಿಟ್ಟು, ಇನ್ನೊಂದನ್ನು ಸುಮಾರು 200 ಕಿಲೋಮೀಟರು ದೂರದ ತಿರುವನಂತಪುರದ ಸದಸ್ಯರೊಬ್ಬರ ಮನೆಯಲ್ಲಿ ಇರಿಸಿದ್ದೇವೆ. ರೈಲಿನಲ್ಲಿ ಹೋಗಿ ಬರುವವರ ಕೈಯಲ್ಲಿ ವರುಷಕ್ಕೊಮ್ಮೆ ತರಿಸಿ, ಹೊಸತನ್ನು ಸೇರಿಸಿ ಕಳಿಸುತ್ತೇವೆ.

ಇದು ಹೊಸ ಉಪಾಯವಲ್ಲ. ತಿರುವನಂತಪುರದ ಸಂಸ್ಕೃತ ಗ್ರಂಥಮಾಲೆಯಲ್ಲಿ ಭಾಸನ ಹೆಸರಿನ ನಾಟಕಗಳನ್ನು ಟಿ. ಗಣಪತಿ ಶಾಸ್ತ್ರಿಗಳು 1912ರಿಂದ ಅಚ್ಚು ಹಾಕಿಸಿದರು. ಓಲೆಗರಿ ಹುಳು ಹಿಡಿದು ಹೋಗುವ ವಸ್ತು. ಪುಡಿಯಾಗುವ ಮುನ್ನ ಯಾರೋ ಹೊಸ ಗರಿಗೆ ಇಳಿಸುತ್ತ ಬಂದಿದ್ದರಿಂದಲೇ ಆ ನಾಟಕಗಳು ನಮ್ಮ ಕಾಲದವರೆಗೆ ಬಂದವು. ಡಿಸ್ಕೂ ಒಂದು ಓಲೆಗರಿಯೇ. ಕೆಲವು ವರುಷಗಳಿಗೊಮ್ಮೆ ಹೊಸದಕ್ಕೆ ಇಳಿಸುತ್ತಿರಬೇಕು.

ಇನ್ನು ಜೋಪಾನದ ಮಾತು. ತಿರುಗುವ ತಟ್ಟೆಯ ಡಿಸ್ಕನ್ನು ಕೆಲಸ ಮಾಡುವಾಗ ಅಲುಗಿಸಕೂಡದು. ಮಂಚದ ಮೇಲಲ್ಲ, ಮೇಜಿನ ಮೇಲೆ ಇಡಬೇಕು. ಎಸ್‌ಎಸ್‌ಡಿ ಬಿದ್ದರೆ ಅಷ್ಟು ಭಯವಿಲ್ಲ. ಆದರೆ ವರುಷಗಟ್ಟಲೆ ವಿದ್ಯುತ್ತಿಗೆ ಸಿಕ್ಕಿಸದೆ ಇಟ್ಟರೆ ಬರೆದದ್ದು ಮಾಸುವ ಸಂಭವವುಂಟು. ಈ ಕರಾವಳಿಯ ತೇವದಲ್ಲಿ ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಡನೆ ಇಡುವುದು ಉತ್ತಮ.

ಎರಡು ಡಿಸ್ಕು ಕೊಳ್ಳಲು ಎಲ್ಲರಿಗೂ ಶಕ್ತಿಯಿರದು ಎಂಬುದನ್ನು ಬಲ್ಲೆವು. ಹಾಗಿದ್ದರೆ ಎಲ್ಲಕ್ಕೂ ಎರಡನೆಯ ಪ್ರತಿ ಬೇಕಿಲ್ಲ. ಸಿನಿಮಾ ಮತ್ತೆ ಸಿಗುತ್ತದೆ. ಮನೆಯವರ ದನಿ ಸಿಗುವುದಿಲ್ಲ. ಮತ್ತೆ ಸಿಗದಂಥವನ್ನು ಮಾತ್ರ ಆರಿಸಿದರೆ ಬಹುಮಂದಿಗೆ ಒಂದು ಪೆನ್ ಡ್ರೈವ್ ಸಾಕಾದೀತು. ಅದನ್ನು ಊರಿಗೆ ಹೋದಾಗ ಅಕ್ಕನ ಬಳಿಯೋ ತಮ್ಮನ ಬಳಿಯೋ ಕೊಟ್ಟು ಬನ್ನಿ.

ಆ ಹೋಟೆಲಿನ ಮಿತ್ರರ ಗಂಟು ಪೂರ್ತಿ ಹೋಗಲಿಲ್ಲ. ತಾಯಿಯ ನಾಲ್ಕು ಸಂದೇಶಗಳನ್ನು ಅವರು ಹಿಂದೊಮ್ಮೆ ತಂಗಿಗೆ ಕಳಿಸಿದ್ದರು. ಆಕೆಯ ಮೊಬೈಲಿನಲ್ಲಿ ಅವು ಸಿಕ್ಕವು. ತಿಳಿಯದೆಯೇ ಮಾಡಿದ್ದ ಎರಡನೆಯ ಪ್ರತಿ ಅದು. ನಾವು ತಿಳಿದು ಮಾಡೋಣ. ಯಾರಿಗಾದರೂ ಸಹಾಯ ಬೇಕಾದರೆ ಮೊಬೈಲು, ಡಿಸ್ಕು, ತಂತಿಗಳೊಡನೆ ವಾಚನಾಲಯಕ್ಕೆ ಬನ್ನಿ. ಒಟ್ಟಿಗೆ ಕುಳಿತು ಮಾಡೋಣ.