ಮೈಗೊಪ್ಪುವ ಉಡುಪು

ಹೊಲಿಗೆಯ ತರಗತಿಯಲ್ಲಿ ನಾವು ಪ್ರತಿವರ್ಷವೂ ಹೇಳುತ್ತ ಬಂದಿರುವ ಪಾಠವೊಂದನ್ನು ಈ ಸ್ಮರಣ ಸಂಚಿಕೆಯ ಮೂಲಕ ನಿಮ್ಮ ಮನೆಗಳಿಗೆ ಮುಟ್ಟಿಸಲು ಇಚ್ಛಿಸುತ್ತೇವೆ. ಉಡುಪಿನ ವಿಷಯವು ಅಲ್ಪವಾದದ್ದೆಂದು ಕೆಲವರು ಎಣಿಸಬಹುದು. ಒಂದು ಕಾಲದಲ್ಲಿ ನಾವೂ ಹಾಗೆಯೇ ಎಣಿಸಿದ್ದೆವು.

ಕೆಲವು ವರ್ಷಗಳ ಹಿಂದೆ ಎಂಟನೆಯ ತರಗತಿಯಲ್ಲಿ ಒಬ್ಬ ಬಾಲಿಕೆಯಿದ್ದಳು. ಬರವಣಿಗೆಯಲ್ಲಿ ಜಾಣೆ; ಆದರೆ ಪ್ರಶ್ನೆ ಕೇಳಿದಾಗ ಎಂದೂ ಕೈ ಎತ್ತುತ್ತಿರಲಿಲ್ಲ. ನಾವು ಅದನ್ನು ಆಲಸ್ಯವೆಂದು ತಿಳಿದು ಎಲ್ಲರೆದುರು ಗದರಿಸಿದೆವು. ಆಮೇಲೆ ಹೊಲಿಗೆಯ ತರಗತಿಯಲ್ಲಿ ಸಂಗತಿಯು ಹೊರಬಿತ್ತು. ಹಿಂದಿನ ವರ್ಷದ ಅಂಗಿಯು ಕಂಕುಳಲ್ಲಿ ಬಿಗಿಯಾಗಿ ಹೊಲಿಗೆ ಬಿಚ್ಚಿಕೊಂಡಿತ್ತು. ಕೈ ಎತ್ತಿದರೆ ಹರಿಯುವದೆಂಬ ಭಯ. ಮನೆಯಲ್ಲಿ ಹೇಳಿದರೆ, "ನೀನೇ ದಪ್ಪಗಾಗುತ್ತಿದ್ದೀ, ಊಟ ಕಡಿಮೆ ಮಾಡು" ಎಂಬ ಉತ್ತರ. ಕಂಕುಳಲ್ಲಿ ಒಂದು ಚೌಕ ತುಂಡನ್ನು ಕೂಡಿಸಿ ಕೊಡಲು ಅರ್ಧ ಗಂಟೆ ಸಾಕಾಯಿತು. ಕೆಲವೇ ದಿನಗಳಲ್ಲಿ ಆ ಕೈ ಮೇಲೆದ್ದಿತು. ಅಂದು ಪಾಠ ಕಲಿತವರು ನಾವು. ಉಡುಪು ದೇಹಕ್ಕಾಗಿ ಇರುವದೇ ಹೊರತು ದೇಹವು ಉಡುಪಿಗಾಗಿ ಇರುವದಿಲ್ಲ.

ಈ ತತ್ವವು ನಮ್ಮ ಸೀಮೆಗೆ ಹೊಸತಲ್ಲ. ತುಂಗಭದ್ರೆಯ ಉತ್ತರ ದಡದಲ್ಲಿರುವ ಆನೆಗೊಂದಿಯನ್ನು ನೋಡಿರಿ. ಬೇಸಿಗೆಯಲ್ಲಿ ಅಲ್ಲಿನ ಬಂಡೆಗಳು ಹಗಲೆಲ್ಲ ಕಾಯ್ದು, ಕತ್ತಲಾದ ಮೇಲೂ ಬಿಸಿಯನ್ನು ಬಿಡುತ್ತಿರುತ್ತವೆ. ಕೆಳಗೆ ಬತ್ತದ ಗದ್ದೆಗಳು. ಇಂಥ ನೆಲದಲ್ಲಿ ದುಡಿಯುವ ಹೆಂಗಸರಿಗೆ ಕುಷ್ಟಗಿಯ ಆಚೆಗಿರುವ ಇಳಕಲ್ಲಿನ ಸೀರೆಯು ಬಹುಕಾಲದಿಂದ ಒದಗಿ ಬಂದಿದೆ. ಅದರ ಒಡಲು ಹೆಚ್ಚಾಗಿ ಹತ್ತಿ, ಸೆರಗು ರೇಷ್ಮೆ. ಒಡಲಿನ ಹಾಸುನೂಲಿಗೆ ಸೆರಗಿನ ಹಾಸುನೂಲನ್ನು ಕೊಂಡಿಯಾಗಿ ಕೂಡಿಸಿ ನೇಯುತ್ತಾರೆ. ಇದಕ್ಕೆ ತೋಪ ತೆನಿ ಸೆರಗು ಎಂದು ಹೆಸರು. ಮೈಗೆ ತಗಲುವ ಭಾಗವು ಬೆವರನ್ನು ಹೀರುವದು, ಕಣ್ಣಿಗೆ ಬೀಳುವ ಭಾಗವು ಮೆರುಗು ಕೊಡುವದು. ಒಂಬತ್ತು ಗಜದ ಸೀರೆಯನ್ನು ಕಚ್ಚೆ ಹಾಕಿ ಉಟ್ಟವಳು ನಾಟಿಗೆ ಬಾಗಬಲ್ಲಳು, ಏಣಿ ಹತ್ತಬಲ್ಲಳು. ಗುಳೇದಗುಡ್ಡದ ಖಣದಿಂದ ಹೊಲಿದು ಮುಂದೆ ಗಂಟು ಹಾಕುವ ಕುಬಸವು ಬಸುರಿಗೂ ಬಾಣಂತಿಗೂ ಸರಿಹೊಂದುತ್ತಿತ್ತು. ಗಂಟನ್ನು ಸಡಿಲಿಸಿದರೆ ಮುಗಿಯಿತು. ಅಜ್ಜಿಯ ಸೀರೆಯನ್ನು ಮೊಮ್ಮಗಳು ಉಡುವದು ಸಾಧ್ಯವಾದದ್ದು ಹೀಗೆಯೇ. ಇಂದಿನ ಸಿದ್ಧ ಉಡುಪು ಹಾಗಲ್ಲ. ಅದು ಅಂಕೆಯ ಮೇಲೆ ಹೊಲಿದದ್ದು. ಆದುದರಿಂದ ಈಗ ಆರಿಸುವ ಜಾಣತನವು ನಮಗೆ ಹೆಚ್ಚಾಗಿ ಬೇಕು.

ಪತ್ರಿಕೆಗಳಲ್ಲಿ ಸ್ತ್ರೀದೇಹವನ್ನು ಸೇಬು, ಮರಳುಗಡಿಯಾರ ಎಂದು ವಿಂಗಡಿಸುವದುಂಟು. ನಾವು ಆ ಹೆಸರುಗಳಿಂದ ಕಲಿಸುವದಿಲ್ಲ. ವಯಸ್ಸು, ಹೆರಿಗೆ, ಕಾಯಿಲೆ, ಕೆಲಸ ಇವುಗಳಿಂದ ಒಂದೇ ದೇಹವು ಹಲವು ಆಕಾರಗಳನ್ನು ಹೊಂದುವದು. ಈ ಕೆಳಗಿನ ನಾಲ್ಕು ಮಾತುಗಳನ್ನು ನೆನಪಿನಲ್ಲಿಟ್ಟರೆ ಸಾಕು.

ಒಂದನೆಯದು, ಅಳತೆ. ಎದೆ, ನಡು, ಸೊಂಟ, ಭುಜ, ತೋಳಿನ ಸುತ್ತು, ಇವನ್ನು ಉಸಿರು ಬಿಗಿಹಿಡಿಯದೆ ನಿಂತು ಅಳೆಯಿಸತಕ್ಕದ್ದು. ಖಣ, ಪಾಪ್ಲಿನ್ ಮೊದಲಾದ ಹಿಗ್ಗದ ಬಟ್ಟೆಗೆ ಎದೆಯ ಸುತ್ತಳತೆಗಿಂತ ಒಂದೂವರೆಯಿಂದ ಎರಡು ಅಂಗುಲ ಸಡಿಲವಿರಬೇಕು. ಬೆಳೆಯುವ ಹುಡುಗಿಯರ ಅಂಗಿಯ ಒಳಗೆ ಎರಡೂ ಪಕ್ಕದಲ್ಲಿ ಒಂದೊಂದು ಅಂಗುಲ ಬಟ್ಟೆಯನ್ನು ಬಿಡಿಸಿರಿ. ಹೊಲಿದದ್ದು ಬಂದ ಮೇಲೆ ಕನ್ನಡಿಯ ಮುಂದೆ ನಿಲ್ಲುವದಕ್ಕೆ ಮೊದಲು ಎರಡೂ ಕೈಗಳನ್ನೆತ್ತಿ, ಬಗ್ಗಿ ಕೊಡ ಹಿಡಿಯುವಂತೆ ಮಾಡಿ, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು ನೋಡಿರಿ. ಮೂರರಲ್ಲಿ ಒಂದಕ್ಕೆ ಅಡ್ಡಿಯಾದರೂ ಅದು ನಿಮ್ಮ ಅಳತೆಯ ಉಡುಪಲ್ಲ.

ಎರಡನೆಯದು, ಬಟ್ಟೆಯ ಗುಣ. ಗಂಜಿ ಹಾಕಿದ ಗಟ್ಟಿ ಹತ್ತಿಯು ಮೈಯಿಂದ ದೂರ ನಿಲ್ಲುವದು. ತೆಳ್ಳಗಿನವರಿಗೆ ಅದು ತುಂಬಿಕೆಯನ್ನು ಕೊಡುವದು. ಸ್ಥೂಲಕಾಯದವರಿಗೆ ಹಲವು ಸಲ ಒಗೆದು ಮೆತ್ತಗಾದ, ಮೈಮೇಲೆ ಇಳಿಬೀಳುವ ಹತ್ತಿಯೇ ಲೇಸು. ಸೊಂಟ ಅಗಲವಾಗಿದ್ದವರು ನಿರಿಗೆಗಳನ್ನು ಸಣ್ಣದಾಗಿ ಹಿಡಿದು ಒತ್ತಿ ಕೂರಿಸಲಿ. ಗಿಡ್ಡಗಿನವರು ಅಗಲ ಹೆಚ್ಚಾದ ಸೀರೆಯನ್ನು ನಡುವಿನಲ್ಲಿ ಸಿಕ್ಕಿಸಿದರೆ ಅಲ್ಲಿಯೇ ದಪ್ಪವಾಗಿ ಕಾಣುವದು. ಸೀರೆಯನ್ನು ಕೊಳ್ಳುವಾಗಲೇ ಅಗಲವನ್ನು ನೋಡಿಕೊಳ್ಳತಕ್ಕದ್ದು.

ಮೂರನೆಯದು, ಗೆರೆ ಮತ್ತು ಬಣ್ಣ. ಇಳಕಲ್ಲ ಸೀರೆಗೆ ಗೋಮಿ, ಪರಾಸಪೇಟಿ, ಗಾಡಿ ಎಂಬ ಬೇರೆ ಬೇರೆ ದಡಿಗಳುಂಟು. ಎತ್ತರವಾದವರಿಗೆ ಅಗಲ ದಡಿ ಶೋಭಿಸುವದು; ಗಿಡ್ಡಗಿನವರಿಗೆ ಅದು ಕಾಲಿನ ಎತ್ತರವನ್ನು ನುಂಗುವದರಿಂದ ಸಣ್ಣ ದಡಿ ಮೇಲು. ಸೀರೆಗೂ ಕುಬಸಕ್ಕೂ ಬಣ್ಣವು ತೀರ ಬೇರೆಯಾದರೆ ಮೈ ನಡುವಿನಲ್ಲಿ ಎರಡು ತುಂಡಾದಂತೆ ತೋರುವದು. ಒಂದೇ ಛಾಯೆಯಾದರೆ ನಿಲುವು ಉದ್ದವಾಗಿ ಕಾಣುವದು. ಕುತ್ತಿಗೆ ಗಿಡ್ಡವಾಗಿದ್ದವರಿಗೆ ಸ್ವಲ್ಪ ಇಳಿದ ಕೊರಳೂ, ಉದ್ದವಾಗಿದ್ದವರಿಗೆ ಮುಚ್ಚುಕೊರಳೂ ಒಪ್ಪುವದು. ತೋಳು ದಪ್ಪವಾಗಿದ್ದಲ್ಲಿ ತೋಳ ಅಂಚು ಅತಿ ದಪ್ಪ ಭಾಗದ ಮೇಲೆ ಬಾರದೆ ಅದರ ಕೆಳಗೆ ಬರಲಿ. ಅಡ್ಡಗೆರೆಯ ಬಟ್ಟೆಯು ದಪ್ಪಗೆ ಕಾಣಿಸುವದೆಂದು ಎಲ್ಲರೂ ನಂಬಿದ್ದಾರೆ. ಆದರೆ ಜರ್ಮನ್ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ 1867ರಷ್ಟು ಹಿಂದೆಯೇ, ಅಡ್ಡಗೆರೆಗಳಿಂದ ತುಂಬಿದ ಚೌಕವು ಎತ್ತರವಾಗಿ ಕಾಣುವದೆಂದು ಬರೆದಿದ್ದನು. ಇಂಗ್ಲೆಂಡಿನ ಯಾರ್ಕ್ ವಿಶ್ವವಿದ್ಯಾಲಯದವರು 2011ರಲ್ಲಿ ಪ್ರಕಟಿಸಿದ ಪ್ರಯೋಗವೂ ಅಡ್ಡಗೆರೆಯು ದಪ್ಪಗೆ ತೋರಿಸದೆಂದೇ ಹೇಳಿತು. ಆದುದರಿಂದ ಕೇಳಿದ ಮಾತಿಗಿಂತ, ಬಟ್ಟೆಯನ್ನು ಹೆಗಲ ಮೇಲೆ ಹಾಕಿಕೊಂಡು ಹಗಲ ಬೆಳಕಿನಲ್ಲಿ ನೋಡುವದೇ ಉತ್ತಮ ಪರೀಕ್ಷೆ.

ನಾಲ್ಕನೆಯದು, ನಡುಕಟ್ಟು; ಇದನ್ನು ತಾಯಂದಿರು ವಿಶೇಷವಾಗಿ ಲಕ್ಷ್ಯಕ್ಕೆ ತಂದುಕೊಳ್ಳಬೇಕು. ಲಂಗದ ಲಾಡಿಯನ್ನು ಬಿಗಿದರೆ ನಡು ಸಣ್ಣದಾಗಿ ಕಾಣುವದೆಂಬ ಭ್ರಮೆಯಿಂದ ಎಷ್ಟೋ ಜನರು ಚರ್ಮದ ಮೇಲೆ ಕಪ್ಪು ಕಲೆಯನ್ನು ಹೊತ್ತಿದ್ದಾರೆ. ಹತ್ತಾರು ವರ್ಷ ಒಂದೇ ಸ್ಥಳದಲ್ಲಿ ಉಜ್ಜಿ, ಮಾಯದ ಹುಣ್ಣಾಗಿ, ಕೊನೆಗೆ ಚರ್ಮದ ಕ್ಯಾನ್ಸರಿಗೆ ತಿರುಗಿದ ಇಬ್ಬರು ವೃದ್ಧೆಯರ ಸಂಗತಿಯನ್ನು ವರ್ಧಾ ಮತ್ತು ಬಿಹಾರದ ವೈದ್ಯರು 2024ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ವರದಿ ಮಾಡಿದರು. ಅವರಲ್ಲಿ ಒಬ್ಬಳು ಲಂಗವಿಲ್ಲದೆ ಸೀರೆಯನ್ನೇ ನಡುವಿಗೆ ಬಿಗಿದು ಉಡುತ್ತಿದ್ದವಳು. ಇದು ಬಹು ವಿರಳ, ಭಯಪಡಬೇಕಾಗಿಲ್ಲ; ಆದರೆ ಎಚ್ಚರವು ಸುಲಭ. ಸಣ್ಣ ಲಾಡಿಗೆ ಬದಲಾಗಿ ಎರಡು ಅಂಗುಲ ಅಗಲದ ಪಟ್ಟಿಯನ್ನು ಹೊಲಿಸಿರಿ, ಕಟ್ಟುವ ಸ್ಥಳವನ್ನು ಆಗಾಗ್ಗೆ ಬದಲಿಸಿರಿ, ಮನೆಯಲ್ಲಿರುವಾಗ ಸಡಿಲಿಸಿರಿ. ಹುಣ್ಣು ಕೆಲವು ವಾರಗಳಲ್ಲಿ ಮಾಯದಿದ್ದರೆ ನಾಚಿಕೆಯನ್ನು ಬಿಟ್ಟು ವೈದ್ಯರಿಗೆ ತೋರಿಸಿರಿ.

ಕಡೆಯದಾಗಿ ತಾಯಿತಂದೆಗಳಲ್ಲಿ ಒಂದು ಬಿನ್ನಹ. ಬೆಳೆಯುವ ಮಗಳ ಮೈಕಟ್ಟನ್ನು ಕುರಿತು ಹಾಸ್ಯಕ್ಕೂ ಕೊಂಕು ನುಡಿಯದಿರಿ. ಆ ನುಡಿಯಿಂದಲೇ ಅವಳು ಬೆನ್ನು ಬಾಗಿಸಿ ನಡೆಯಲು, ಸುಡು ಬೇಸಿಗೆಯಲ್ಲಿಯೂ ಓಢಣಿಯನ್ನು ಮೈತುಂಬ ಸುತ್ತಿಕೊಳ್ಳಲು ಕಲಿಯುವಳು. ಬೆನ್ನು ಬಾಗಿದವಳಿಗೆ ಯಾವ ಬೆಲೆಯ ಸೀರೆಯೂ ಒಪ್ಪದು. ನೆಟ್ಟಗೆ ನಿಂತು ಸಲೀಸಾಗಿ ಉಸಿರಾಡುವವಳಿಗೆ ಒಗೆದು ಮಡಿಚಿದ ಹಳೆಯ ಹತ್ತಿಯೂ ಒಪ್ಪುವದು.

ನಮ್ಮ ಹಿರಿಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ತಾವೇ ತಾಯಂದಿರಾಗಿದ್ದೀರಿ. ಈ ವರ್ಷ ಶಾಲೆಯು ತೆರೆಯುವದಕ್ಕೆ ಮೊದಲು ನಿಮ್ಮ ಮಗಳ ಹಳೆಯ ಅಂಗಿಯನ್ನು ತೊಡಿಸಿ, ಎರಡೂ ಕೈಗಳನ್ನು ಎತ್ತಲು ಹೇಳಿರಿ. ಕಂಕುಳು ಬಿಗಿದರೆ ಒಂದು ಚೌಕ ತುಂಡನ್ನು ಕೂಡಿಸಿರಿ. ತರಗತಿಯಲ್ಲಿ ಅವಳ ಕೈ ಮೇಲೇಳುವದನ್ನು ನಾವು ಎದುರುನೋಡುತ್ತಿರುತ್ತೇವೆ.