ವಾಹನದ ಮೈಲೇಜ್ ಕುಸಿದಿದೆಯೇ? ಕಾರಣವನ್ನು ಹೀಗೆ ಪತ್ತೆಹಚ್ಚಿರಿ

ಬಂಗಾರಪೇಟೆ ಮತ್ತು ಕೆ.ಜಿ.ಎಫ್. ಸುತ್ತಲಿನ ರೈತರಿಗೆ ಇಂದು ಪಿಕಪ್ ವಾಹನವಾಗಲಿ ಕಾರಾಗಲಿ ಐಷಾರಾಮದ ವಸ್ತುವಲ್ಲ. ಟೊಮ್ಯಾಟೊ ಬಾಕ್ಸುಗಳು ಹೊತ್ತಿಗೆ ಸರಿಯಾಗಿ ಕೋಲಾರದ ಮಾರುಕಟ್ಟೆಗೆ ಮುಟ್ಟಬೇಕು, ಸೊಪ್ಪು ತರಕಾರಿಗಳು ರಾಬರ್ಟ್‌ಸನ್‌ಪೇಟೆಗೆ ತಲುಪಬೇಕು. ಧಾರಣೆ ಬಿದ್ದ ದಿನ ಸಾಗಾಣಿಕೆಯ ಖರ್ಚೇ ಲಾಭ ನಷ್ಟಗಳನ್ನು ತೀರ್ಮಾನಿಸುತ್ತದೆ. ಆದರೂ ಬೀಜ, ಗೊಬ್ಬರ, ಕೂಲಿಗಳ ಲೆಕ್ಕ ಬರೆದಿಡುವ ಎಷ್ಟೋ ರೈತರು ಇಂಧನದ ಲೆಕ್ಕ ಇಡುವುದಿಲ್ಲ.

ಲೀಟರಿಗೆ 15 ಕಿ.ಮೀ. ಓಡುತ್ತಿದ್ದ ವಾಹನ 12 ಕಿ.ಮೀ.ಗೆ ಇಳಿಯಿತೆಂದು ಇಟ್ಟುಕೊಳ್ಳೋಣ. ತಿಂಗಳಿಗೆ 1,500 ಕಿ.ಮೀ. ಓಡಿಸುವವರಿಗೆ ಮೊದಲು 100 ಲೀಟರ್ ಸಾಕಾಗುತ್ತಿತ್ತು, ಈಗ 125 ಲೀಟರ್ ಬೇಕು. ವರ್ಷಕ್ಕೆ 300 ಲೀಟರ್ ಹೆಚ್ಚು! ಕೋಲಾರದ ಚಿನ್ನದ ಗಣಿಗಳಲ್ಲಿ ಒಂದು ಟನ್ ಅದಿರಿಗೆ ಎಷ್ಟು ಗ್ರಾಂ ಚಿನ್ನ ಬಂತೆಂಬ ಲೆಕ್ಕವಿತ್ತು. ಹೊರತೆಗೆಯುವ ಖರ್ಚು ಹುಟ್ಟುವಳಿಯನ್ನು ಮೀರಿದಾಗ, 2001ರ ಫೆಬ್ರವರಿ 28ರಂದು ಗಣಿಗಳನ್ನು ಮುಚ್ಚಲಾಯಿತು. ನಮ್ಮ ವಾಹನಕ್ಕೂ ಇಂಥದೇ ಲೆಕ್ಕ ಬೇಕು.

ಮೊದಲು ಸರಿಯಾದ ಅಳತೆ

ಡ್ಯಾಶ್‌ಬೋರ್ಡಿನ ಮುಳ್ಳನ್ನು ನೋಡಿ ಅಂದಾಜು ಮಾಡಬೇಡಿ. ಟ್ಯಾಂಕನ್ನು ಪೂರ್ತಿ ತುಂಬಿಸಿ, ಮೀಟರಿನ ಅಂಕಿಯನ್ನು ಬರೆದುಕೊಳ್ಳಿ. ಮುಂದಿನ ಸಲ ಅದೇ ಬಂಕಿನ ಅದೇ ಪಂಪಿನಲ್ಲಿ ಪುನಃ ಪೂರ್ತಿ ತುಂಬಿಸಿ. ಮೊದಲ ಅಂಕಿ 42,160, ಎರಡನೆಯದು 42,592 ಆದರೆ ಓಡಿದ ದೂರ 432 ಕಿ.ಮೀ. ಎರಡನೆಯ ಸಲ ಹಿಡಿದ ಇಂಧನ 36 ಲೀಟರ್ ಆದರೆ ಮೈಲೇಜ್ 12 ಕಿ.ಮೀ. ಹೀಗೆ ಮೂರು ಸಲ ಅಳೆದು ಸರಾಸರಿ ತೆಗೆಯಬೇಕು. ಒಂದೇ ಸಲದ ಅಳತೆಯನ್ನು ನಂಬಲಾಗದು. ಪಂಪಿನ ಬಗೆಗೆ ಅನುಮಾನವಿದ್ದರೆ ಬಂಕಿನಲ್ಲಿರುವ 5 ಲೀಟರಿನ ಮುದ್ರೆಯೊತ್ತಿದ ಅಳತೆಪಾತ್ರೆಯಿಂದ ಪರೀಕ್ಷಿಸಿ ತೋರಿಸುವಂತೆ ಕೇಳಬಹುದು.

ಬದಲಾದದ್ದು ಏನು?

ಸ್ಪ್ಯಾನರ್ ಹಿಡಿಯುವ ಮುನ್ನ ಈ ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳಿ.

1. ಹೊರೆ ಹೆಚ್ಚಿದೆಯೇ? 15 ಕಿಲೋ ತೂಕದ 20 ಬಾಕ್ಸುಗಳನ್ನು ಹೆಚ್ಚಾಗಿ ಹೇರಿದರೆ 300 ಕಿಲೋ ಆಯಿತು. ಖಾಲಿ ಬಾಕ್ಸುಗಳನ್ನು ಕ್ಯಾಬಿನ್ನಿಗಿಂತ ಎತ್ತರಕ್ಕೆ ಕಟ್ಟಿದರೂ ಗಾಳಿಯ ತಡೆ ಹೆಚ್ಚುತ್ತದೆ.

2. ವೇಗ ಹೆಚ್ಚಿದೆಯೇ? ವೇಗ ಇಮ್ಮಡಿಯಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ. ಹೊಸ ಅಗಲ ರಸ್ತೆ ಸಿಕ್ಕಿತೆಂದು 60ರ ಬದಲು 90ರಲ್ಲಿ ಓಡಿಸಿದರೆ ದೋಷ ಎಂಜಿನ್ನಿನದಲ್ಲ.

3. ಓಡಾಟ ತೀರ ಹತ್ತಿರದ್ದಾಗಿದೆಯೇ? ತಣ್ಣಗಿನ ಎಂಜಿನ್ ಹೆಚ್ಚು ಇಂಧನ ತಿನ್ನುತ್ತದೆ. 2020ರ ಏಪ್ರಿಲ್‌ನಿಂದ ಬಂದ ಬಿ.ಎಸ್.6 ಡೀಸೆಲ್ ವಾಹನಗಳಲ್ಲಿ ಹೊಗೆಯ ಮಸಿಯನ್ನು ಹಿಡಿಯುವ ಶೋಧಕವಿದೆ. ಆ ಮಸಿಯನ್ನು ಸುಡಲು ವಾಹನ ತಾನಾಗಿಯೇ ಹೆಚ್ಚು ಡೀಸೆಲ್ ಬಳಸುತ್ತದೆ. ನಡುವೆಯೇ ಎಂಜಿನ್ ನಿಲ್ಲಿಸಿದರೆ ಈ ಕೆಲಸ ಮತ್ತೆ ಮತ್ತೆ ನಡೆದು ಡೀಸೆಲ್ ನಷ್ಟವಾಗುತ್ತದೆ. ಆಯಿಲ್ ಕಡ್ಡಿಯಲ್ಲಿ ಮಟ್ಟ ಏರುತ್ತಿದ್ದರೆ ತಡಮಾಡದೆ ತೋರಿಸಿ.

4. ಇಂಧನ ಬದಲಾಗಿದೆಯೇ? ಶೇಕಡ 20 ಎಥನಾಲ್ ಬೆರೆಸಿದ ಪೆಟ್ರೋಲ್ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಯಾಗಿ, ನಂತರ ದೇಶದಲ್ಲೆಲ್ಲ ಹರಡಿತು. ಒಂದು ಲೀಟರ್ ಎಥನಾಲಿನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗದಷ್ಟು ಶಕ್ತಿ ಕಡಿಮೆ. ಆದ್ದರಿಂದ ಈ ಮಿಶ್ರಣದಲ್ಲಿ ಶುದ್ಧ ಪೆಟ್ರೋಲಿಗಿಂತ ಶೇಕಡ 6ರಿಂದ 7ರಷ್ಟು ಶಕ್ತಿ ಕಡಿಮೆಯಿರುತ್ತದೆ. ಹಳೆಯ ಕಾರಿನಲ್ಲಿ ಅಲ್ಪ ಇಳಿಕೆಗೆ ಇದು ಕಾರಣವಾಗಬಹುದು, ಆದರೆ ಶೇಕಡ 20ರ ಇಳಿಕೆಗೆ ಬೇರೆ ಕಾರಣ ಇದ್ದೇ ಇರುತ್ತದೆ.

ಖರ್ಚಿಲ್ಲದ ಪರೀಕ್ಷೆಗಳು

ಟೈರು: ವಾಹನ ಓಡಿಸುವ ಮುನ್ನ, ಟೈರು ತಣ್ಣಗಿರುವಾಗ ಗಾಳಿ ಅಳೆಯಿರಿ. ಬಾಗಿಲ ಬಳಿಯ ಪಟ್ಟಿಯಲ್ಲಿ ಖಾಲಿ ವಾಹನಕ್ಕೂ ಹೊರೆ ತುಂಬಿದ ವಾಹನಕ್ಕೂ ಬೇರೆ ಬೇರೆ ಅಂಕಿಗಳಿದ್ದರೆ ಅದರಂತೆ ತುಂಬಿಸಿ. ಟೈರಿನ ಒಂದೇ ಅಂಚು ಸವೆದಿದ್ದರೆ ಚಕ್ರಗಳ ಜೋಡಣೆ ತಪ್ಪಿದೆಯೇ ಎಂದು ತೋರಿಸಿ. ಮೊದಲಿಗಿಂತ ದೊಡ್ಡ ಟೈರು ಹಾಕಿಸಿದ್ದರೆ ಮೀಟರು ನಿಜವಾದ ದೂರಕ್ಕಿಂತ ಕಡಿಮೆ ತೋರಿಸುತ್ತದೆ. ಆಗ ಮೈಲೇಜ್ ಕೂಡ ಕಡಿಮೆಯಾದಂತೆ ಕಾಣುತ್ತದೆ.

ಬ್ರೇಕು: ಹೆಚ್ಚು ಬ್ರೇಕ್ ಬಳಸದೆ ಕೆಲವು ಕಿ.ಮೀ. ಓಡಿಸಿ ನಿಲ್ಲಿಸಿ. ಪ್ರತಿ ಚಕ್ರದ ನಡುಭಾಗದ ಹತ್ತಿರ ಕೈ ಹಿಡಿಯಿರಿ. ಮುಟ್ಟಬೇಡಿ. ಒಂದು ಚಕ್ರ ಮಾತ್ರ ಹೆಚ್ಚು ಬಿಸಿಯಾಗಿದ್ದರೆ ಅಲ್ಲಿ ಬ್ರೇಕ್ ಹಿಡಿದುಕೊಂಡಿರುವ ಸಂಭವ ಹೆಚ್ಚು. ಇದು ಇಂಧನಕ್ಕಷ್ಟೇ ಅಲ್ಲ, ಪ್ರಾಣಕ್ಕೂ ಅಪಾಯ.

ಏರ್ ಫಿಲ್ಟರ್: ಮಣ್ಣುರಸ್ತೆಗಳಲ್ಲೂ ಕೆ.ಜಿ.ಎಫ್.ನ ಸಯನೈಡ್ ದಿಬ್ಬಗಳ ಬದಿಯಲ್ಲೂ ಗಾಳಿ ಬೀಸುವ ಒಣ ದಿನಗಳಲ್ಲಿ ನುಣ್ಣನೆಯ ಧೂಳು ಏಳುತ್ತದೆ. ಫಿಲ್ಟರ್ ಕಟ್ಟಿದರೆ ಹಳೆಯ ಡೀಸೆಲ್ ಎಂಜಿನ್ ಕಪ್ಪು ಹೊಗೆ ಕಾರುತ್ತದೆ. ಈಗಿನ ಪೆಟ್ರೋಲ್ ಕಾರುಗಳಲ್ಲಿ ಮೈಲೇಜಿಗಿಂತ ಮುಖ್ಯವಾಗಿ ಎಳೆತವೇ ಕುಗ್ಗುತ್ತದೆ.

ಸೋರಿಕೆ: ರಾತ್ರಿ ವಾಹನದ ಕೆಳಗೆ ಹಳೆಯ ಕಾಗದ ಹಾಸಿಡಿ. ಬೆಳಿಗ್ಗೆ ಕಲೆಯಿದ್ದರೆ, ಇಂಧನದ ವಾಸನೆಯಿದ್ದರೆ, ಮೊದಲು ಅದನ್ನೇ ಸರಿಪಡಿಸಿ.

ಗ್ಯಾರೇಜಿನಲ್ಲಿ ಹೇಳಬೇಕಾದದ್ದು

ಮೇಲಿನವೆಲ್ಲ ಸರಿಯಿದ್ದರೆ ಮಾತ್ರ ಗ್ಯಾರೇಜಿಗೆ ಹೋಗಿ. ನೀವು ಕಂಡ ಲಕ್ಷಣವನ್ನು ಹೇಳಿರಿ. ಎಷ್ಟು ಓಡಿದರೂ ಶಾಖದ ಮುಳ್ಳು ನಡುವಿಗೆ ಏರದಿದ್ದರೆ ಥರ್ಮೋಸ್ಟಾಟ್ ನೋಡಬೇಕು. ಏರಿನಲ್ಲಿ ಎಂಜಿನ್ ಕೂಗಿದರೂ ವಾಹನ ವೇಗ ಪಡೆಯದಿದ್ದರೆ ಕ್ಲಚ್ ಜಾರುತ್ತಿರಬಹುದು. ಎಂಜಿನ್ ಎಚ್ಚರಿಕೆಯ ದೀಪ ಉರಿಯುತ್ತಿದ್ದರೆ ದೋಷದ ಸಂಕೇತವನ್ನು ಓದಿಸಿ, ಆಮ್ಲಜನಕ ಸಂವೇದಕ ಪರೀಕ್ಷೆಯಾಗಲಿ. ಡೀಸೆಲ್ ವಾಹನ ಕಪ್ಪು ಹೊಗೆ ಕಾರುತ್ತಿದ್ದರೆ ಇಂಜೆಕ್ಟರ್, ಪೆಟ್ರೋಲ್ ಎಂಜಿನ್ ನಡುಗುತ್ತಿದ್ದರೆ ಸ್ಪಾರ್ಕ್ ಪ್ಲಗ್ ನೋಡಬೇಕು.

ಒಂದು ಸಲಕ್ಕೆ ಒಂದೇ ದುರಸ್ತಿ

ಹೊಲದಲ್ಲಿ ಗೊಬ್ಬರವನ್ನೂ ಔಷಧಿಯನ್ನೂ ಒಂದೇ ದಿನ ಹಾಕಿದರೆ ಯಾವುದು ಫಲ ಕೊಟ್ಟಿತೆಂದು ತಿಳಿಯುವುದಿಲ್ಲ. ವಾಹನದಲ್ಲೂ ಹಾಗೆಯೇ. ಅಪಾಯದ ದೋಷಗಳನ್ನು ಕೂಡಲೇ ಸರಿಪಡಿಸಿ. ಉಳಿದವುಗಳಲ್ಲಿ ಒಂದನ್ನು ಸರಿಪಡಿಸಿ, ಎರಡು ಟ್ಯಾಂಕ್ ಓಡಿಸಿ, ಮತ್ತೆ ಅಳೆಯಿರಿ. ಅಂಕಿ ಏರಿದರೆ ಕಾರಣ ಸಿಕ್ಕಿತು, ಏರದಿದ್ದರೆ ಮುಂದಿನದಕ್ಕೆ ಹೋಗಿ.

ವಾಹನದಲ್ಲಿ ಒಂದು ಚಿಕ್ಕ ಪುಸ್ತಕವನ್ನೂ ಪೆನ್ಸಿಲನ್ನೂ ಇಡಿ. ದಿನಾಂಕ, ಮೀಟರಿನ ಅಂಕಿ, ಲೀಟರ್, ಹೊರೆ ಇವಿಷ್ಟನ್ನು ಬರೆದರೆ ಸಾಕು. ವಿಸ್ತರಣಾ ಕಾರ್ಯಕರ್ತರು ಗ್ರಾಮಸಭೆಗಳಲ್ಲಿ ಈ ಲೆಕ್ಕವನ್ನು ಮಾಡಿ ತೋರಿಸಬಹುದು. ಮುಂದಿನ ಸಲ ಮೈಲೇಜ್ ಕುಸಿದಾಗ, ಯಾವ ವಾರದಿಂದ ಕುಸಿಯಿತೆಂಬುದನ್ನು ಆ ಪುಸ್ತಕವೇ ಹೇಳುತ್ತದೆ.